ಔತಣದ ತಟ್ಟೆಗೆ ಬಂದ ಬೆದ್ದಲು ಕಾಳು



ಬೀಗರು ಬಂದ ದಿನ ಏನು ಬಡಿಸಿದಿರಿ ಎಂಬುದರ ಮೇಲೆ ಊರವರು ನಿಮ್ಮ ಮನೆತನವನ್ನು ಅಳೆಯುತ್ತಾರಲ್ಲವೇ? ದೇಶಗಳ ನಡುವೆಯೂ ಹೀಗೆಯೇ. ಪರದೇಶದ ಮುಖ್ಯಸ್ಥರಿಗೆ ಸರ್ಕಾರ ನೀಡುವ ಔತಣಕೂಟ ಬರೀ ಊಟವಲ್ಲ. ನಾವು ಇಂಥವರು, ನಮ್ಮ ನೆಲದಲ್ಲಿ ಇಂಥದು ಬೆಳೆಯುತ್ತದೆ ಎಂದು ಹೇಳಿಕೊಳ್ಳುವ ರೀತಿ.

ಬಹುಕಾಲ ಇಂಥ ಔತಣಗಳಲ್ಲಿ ಫ್ರೆಂಚ್ ಅಡುಗೆಯದೇ ದರ್ಬಾರು. ಬ್ರಿಟನ್ನಿನ ಅರಮನೆಯಲ್ಲಿ ಊಟದ ಪಟ್ಟಿಯನ್ನು ಫ್ರೆಂಚ್ ಭಾಷೆಯಲ್ಲೇ ಬರೆಯುವ ವಾಡಿಕೆ ಬೆಳೆಯಿತು. ಜಪಾನಿನ ಅರಮನೆಯೂ ವಿದೇಶಿ ಅತಿಥಿಗಳಿಗೆ ಫ್ರೆಂಚ್ ಊಟ ಬಡಿಸಿತು. ಅಮೆರಿಕದ ಶ್ವೇತಭವನ 1961ರಲ್ಲಿ ಫ್ರೆಂಚ್ ಬಾಣಸಿಗನನ್ನು ನೇಮಿಸಿಕೊಂಡಿತು. ತನ್ನ ನಾಡಿನ ಅಡುಗೆಗೆ ಒತ್ತು ಕೊಡುವ ಬಾಣಸಿಗನನ್ನು ತಂದದ್ದು 1994ರಲ್ಲಿ.

ದೆಹಲಿಯ ಊಟ

ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಆ ವರ್ಷ ಜೂನ್ 22ರಂದು ಶ್ವೇತಭವನವು ನಮ್ಮ ಪ್ರಧಾನಿಗೆ ಔತಣವಿತ್ತಾಗ ತಟ್ಟೆಯಲ್ಲಿ ಸಿರಿಧಾನ್ಯದ ಕೋಸಂಬರಿಯಂಥ ತಿನಿಸಿತ್ತು. ಸೆಪ್ಟೆಂಬರ್ 9ರಂದು ದೆಹಲಿಯ ಭಾರತ ಮಂಟಪದಲ್ಲಿ ಜಿ-20 ದೇಶಗಳ ನಾಯಕರಿಗೆ ರಾಷ್ಟ್ರಪತಿಯವರು ಸಸ್ಯಾಹಾರದ ಔತಣ ನೀಡಿದರು. ಮೊದಲು ನವಣೆಯ ಗರಿಗರಿ ತಿನಿಸು, ನಡುವೆ ಹಲಸಿನ ಖಾದ್ಯದೊಡನೆ ಸಾಮೆ, ಕೊನೆಗೆ ಏಲಕ್ಕಿ ಬೆರೆಸಿದ ಊದಲಿನ ಸಿಹಿ. ಬಡವರ ಕೂಳೆಂದು ನಾವೇ ಹಬ್ಬದ ಎಲೆಯಿಂದ ದೂರವಿಟ್ಟಿದ್ದ ಕಾಳುಗಳಿಗೆ ಅಲ್ಲಿ ಮಣೆ ಹಾಕಲಾಗಿತ್ತು.

ಬೆಳೆದವನಿಗೇನು?

ಈ ಮರ್ಯಾದೆ ಹೊಲದವರೆಗೆ ಬಂದೀತೇ ಎಂಬುದೇ ನಿಮ್ಮ ಪ್ರಶ್ನೆ. ತಾನಾಗಿಯೇ ಬರುವುದಿಲ್ಲ. 2023-24ರಲ್ಲಿ ಕೇಂದ್ರವು ರಾಗಿಗೆ ಕ್ವಿಂಟಲಿಗೆ 3,846 ರೂಪಾಯಿ ಬೆಂಬಲ ಬೆಲೆ ಸಾರಿತು. ಜೋಳ, ಸಜ್ಜೆಗಳೂ ಆ ಪಟ್ಟಿಯಲ್ಲಿದ್ದವು. ಆದರೆ ಔತಣದಲ್ಲಿ ಮೆರೆದ ನವಣೆ, ಸಾಮೆ, ಊದಲು ಮೂರೂ ಅದರಲ್ಲಿರಲಿಲ್ಲ.

ಇನ್ನೊಂದು ತೊಡಕು ಸಿಪ್ಪೆಯದು. ರಾಗಿಯನ್ನು ಹಾಗೆಯೇ ಬೀಸಬಹುದು. ಈ ಮೂರನ್ನು ಸಿಪ್ಪೆ ಬಿಡಿಸದೆ ಉಣ್ಣಲಾಗದು. ಹಿಂದೆ ಹೆಂಗಸರು ಒನಕೆ ಹಿಡಿದು ಕುಟ್ಟುತ್ತಿದ್ದರು. ಆ ದುಡಿತಕ್ಕೆ ಬೇಸತ್ತೇ ಎಷ್ಟೋ ಮನೆಗಳು ಇವನ್ನು ಬಿಟ್ಟವು. ಇಂದು ಯಂತ್ರವಿದ್ದವನ ಕೈಗೇ ಲಾಭದ ಪಾಲು ಹೋಗುತ್ತದೆ.

ಆದ್ದರಿಂದ ಕಣದಲ್ಲೇ ಕಾಳನ್ನು ಎಲ್ಲಾ ಮಾರಿಬಿಡಬೇಡಿ. ಕಲ್ಲು, ಮಣ್ಣು ತೆಗೆದು, ಚೆನ್ನಾಗಿ ಒಣಗಿಸಿ, ಸಿಪ್ಪೆಯೊಡನೆ ಇಡಿ. ಹಾಗಿಟ್ಟರೆ ಬಹುಕಾಲ ಕೆಡದು. ಸಿಪ್ಪೆ ತೆಗೆದ ಅಕ್ಕಿ ಬೇಗ ಮುಗ್ಗಲು ಹಿಡಿಯುತ್ತದೆ, ಬೇಡಿಕೆ ಇದ್ದಷ್ಟನ್ನೇ ಬಿಡಿಸಿ. ಒಬ್ಬರಿಗೆ ಯಂತ್ರ ಹೊರೆಯಾದೀತು. ಹತ್ತಿಪ್ಪತ್ತು ಮಂದಿ ಕೂಡಿ ಕೊಳ್ಳುವ ಬಗ್ಗೆ ಯೋಚಿಸಿ. ನೆರವು ಏನಿದೆಯೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಮುಂದಿನ ಹಬ್ಬಕ್ಕೆ ನೆಂಟರು ಬಂದಾಗ ನವಣೆಯ ಪಾಯಸ ಮಾಡಿಸಿ. ದೆಹಲಿಯಲ್ಲಿ ಸಂದ ಗೌರವ ನಮ್ಮ ಅಡುಗೆಮನೆಯಲ್ಲೂ ಸಲ್ಲಲಿ.