ಸುಟ್ಟಗಾಯ: ಶೇಕಡಾ ಲೆಕ್ಕದ ಅರ್ಥವೇನು?

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಬೆಂಕಿ ತಗುಲಿದವರ ಬಂಧುಗಳಿಂದ ನಾವು ಪದೇ ಪದೇ ಕೇಳುವ ಮಾತೊಂದಿದೆ: "ಶೇಕಡಾ ನಲವತ್ತು ಸುಟ್ಟಿದೆಯಂತೆ, ಅಂದರೆ ಬದುಕುವ ಆಸೆ ಅರವತ್ತರಷ್ಟು ಉಂಟಲ್ಲವೆ?" ಈ ಲೆಕ್ಕ ತಪ್ಪು. ಆ ಅಂಕಿಯು ಸುಟ್ಟ ಚರ್ಮದ ವಿಸ್ತಾರವನ್ನು ತಿಳಿಸುತ್ತದೆಯೇ ಹೊರತು ಸಾವು ಬದುಕಿನ ಪಾಲನ್ನಲ್ಲ.

ರೋಗಿಯ ಬೆರಳುಗಳೂ ಸೇರಿದ ಅಂಗೈಯಷ್ಟು ಜಾಗ ಸುಮಾರು ಶೇ. 1. ವಯಸ್ಕರಲ್ಲಿ ತಲೆ ಶೇ. 9, ಒಂದೊಂದು ಕೈ 9, ಒಂದೊಂದು ಕಾಲು 18, ಮುಂಡದ ಮುಂಭಾಗ 18, ಹಿಂಭಾಗ 18. ಕೂಸಿನ ತಲೆ ದೇಹದ ಪ್ರಮಾಣಕ್ಕೆ ಹೋಲಿಸಿದರೆ ದೊಡ್ಡದಾಗಿರುವುದರಿಂದ ಅಲ್ಲಿ ಈ ಲೆಕ್ಕ ಹೊಂದುವುದಿಲ್ಲ.

ಉಳಿವಿನ ಅಂದಾಜಿಗೆ 1961ರಲ್ಲಿ ಫ್ರಾನ್ಸಿನ ವೈದ್ಯ ಸೆರ್ಜ್ ಬೋ ಅವರು ಸರಳ ಸೂತ್ರವೊಂದನ್ನು ಕೊಟ್ಟರು: ವಯಸ್ಸಿಗೆ ಸುಟ್ಟ ಶೇಕಡಾವಾರನ್ನು ಕೂಡಿಸುವುದು. ಶೇ. 40 ಸುಟ್ಟ 25ರ ಮಗಳಿಗೆ 65 ಬಂದರೆ, ಅಷ್ಟೇ ಸುಟ್ಟ 70ರ ಅಜ್ಜಿಗೆ 110. ಹಿಂದೆ ನೂರು ದಾಟಿದರೆ ಆಸೆ ಬಿಡುತ್ತಿದ್ದರು. ಇಂದು ಸುಸಜ್ಜಿತ ಕೇಂದ್ರಗಳಲ್ಲಿ 110ರ ಆಸುಪಾಸಿನವರಲ್ಲಿ ಅರ್ಧದಷ್ಟು ಜನ ಉಳಿಯುತ್ತಾರೆ. ಚಿಕಿತ್ಸೆ ತಡವಾದ ಕಡೆ ಇದಕ್ಕಿಂತ ಕಡಿಮೆ ಅಂಕಿಯೂ ಮಾರಕವೇ.

ಮುಂದೆ ಬಂದವರು ಶ್ವಾಸಮಾರ್ಗಕ್ಕೆ ಹೊಗೆ ಹೊಕ್ಕಿದ್ದರೆ ಇನ್ನೂ 17 ಸೇರಿಸಿದರು. ಸುಶ್ರುತಾಚಾರ್ಯರು ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧಗಳೆಂದು ನಾಲ್ಕು ಬಗೆ ಹೇಳಿ, ಧೂಮೋಪಹತನನ್ನು, ಎಂದರೆ ಹೊಗೆಯಿಂದ ಪೀಡಿತನಾದವನನ್ನು, ಪ್ರತ್ಯೇಕವಾಗಿಯೇ ವರ್ಣಿಸಿದ್ದಾರೆ: ಏದುಸಿರು, ಕೆಮ್ಮು, ಕಣ್ಣುರಿ. ಮುಚ್ಚಿದ ಕೋಣೆಯಲ್ಲಿ ಸಿಕ್ಕಿಕೊಂಡವರ ಧ್ವನಿ ಒಡೆದಿದ್ದರೆ, ಮೂಗಿನ ಕೂದಲು ಕರಕಾಗಿದ್ದರೆ, ಚರ್ಮ ಚೆನ್ನಾಗಿದ್ದರೂ ಅಪಾಯವೇ.

ಮೊದಲ ದಿನದ ಮಾತುಕತೆ ಬಂಧುಗಳನ್ನು ಬಹಳ ಮೋಸಗೊಳಿಸುತ್ತದೆ. ತೀವ್ರವಾಗಿ ಸುಟ್ಟವರೂ ಆ ದಿನ ಸ್ಪಷ್ಟವಾಗಿ ಮಾತನಾಡಬಲ್ಲರು. ಚರ್ಮದ ನರಗಳೇ ಸುಟ್ಟಲ್ಲಿ ನೋವೂ ಇರದು. ದೇಹದ ದ್ರವ ಸೋರುವುದು ಆಗಲೇ ಮೊದಲಾಗಿರುತ್ತದೆ. ನಂಜು ಆಮೇಲಿನ ದಿನಗಳಲ್ಲಿ ಬರುತ್ತದೆ. ಅಂತೆಯೇ, ದೊಡ್ಡ ಅಂಕಿ ಕೇಳಿದೊಡನೆ ರೋಗಿಯನ್ನು ಮನೆಗೆ ಒಯ್ಯುವುದನ್ನೂ ನಾವು ಒಪ್ಪುವುದಿಲ್ಲ. ಸೂತ್ರವು ಬಹುಜನರ ಲೆಕ್ಕ. ಒಬ್ಬ ರೋಗಿಯ ತೀರ್ಪಲ್ಲ.

60 ಕಿಲೋ ತೂಕದವರಿಗೆ ಶೇ. 40 ಸುಟ್ಟರೆ ಮೊದಲ 24 ತಾಸಿನಲ್ಲಿ ರಕ್ತನಾಳದ ಮೂಲಕ ಸುಮಾರು 9.6 ಲೀಟರ್ ದ್ರವ ಬೇಕಾಗಬಹುದು. ಅದರ ಅರ್ಧ ಮೊದಲ 8 ತಾಸಿನಲ್ಲೇ. ಈ 8 ತಾಸು ಎಣಿಸುವುದು ಬೆಂಕಿ ತಗುಲಿದ ಗಳಿಗೆಯಿಂದ, ಆಸ್ಪತ್ರೆ ಮುಟ್ಟಿದ ಗಳಿಗೆಯಿಂದಲ್ಲ. ಆದುದರಿಂದ ಇಂತಹ ರೋಗಿಯನ್ನು ನಮ್ಮಂತಹ ಚಿಕಿತ್ಸಾಲಯಗಳಿಗೆ ತರದೆ, 108ಕ್ಕೆ ಕರೆ ಮಾಡಿ ಬೀದರಿನ ಬ್ರಿಮ್ಸ್ ಇಲ್ಲವೆ ಕಲಬುರಗಿಯ ಜಿಮ್ಸ್‌ನಂತಹ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೊರಡುವ ಮುನ್ನ ಗಾಯಕ್ಕೆ ಸಾಧಾರಣ ತಣ್ಣೀರು ಹರಿಸಿ, ಒಣಗಿದ ಶುಭ್ರ ಬಟ್ಟೆ ಹೊದಿಸಿರಿ. ಅರಿಸಿನ, ಶಾಯಿ, ಟೂತ್‌ಪೇಸ್ಟ್, ನಮ್ಮದೇ ಘೃತ ತೈಲಗಳು ಕೂಡ ಬೇಡ. ಅವುಗಳ ಕೆಳಗೆ ಗಾಯದ ಆಳ ಕಾಣದು. ಬೆಂಕಿ ತಗುಲಿದ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿರಿ.