ಬಾಡಿಗೆ ಮನೆಯ ವಿದ್ಯುತ್ ಬಿಲ್: ಏರಿಕೆಯ ಮೂಲ ಹುಡುಕುವ ಬಗೆ

ವಿದ್ಯುತ್ ಬಿಲ್ಲಿನ ಕೊನೆಯ ಮೊತ್ತವು ಮನೆಯೊಳಗಿನ ಬಳಕೆಯೊಂದರಿಂದಲೇ ಆಗುವಂಥದ್ದಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುವ ದರ, ಸರಬರಾಜು ಕಂಪನಿಯು ಇರಿಸಿದ ಮಾಪಕ, ಮನೆ ಮಾಲೀಕರು ಮಾಡಿಸಿದ ವೈರಿಂಗ್, ಬಾಡಿಗೆದಾರರು ಬಳಸುವ ಉಪಕರಣಗಳು ಎಂಬ ನಾಲ್ಕೂ ಕೂಡಿ ಆ ಮೊತ್ತ ಏರ್ಪಡುತ್ತದೆ. ಇವುಗಳಲ್ಲಿ ಕೊನೆಯದೊಂದು ಮಾತ್ರ ಬಾಡಿಗೆದಾರರ ಕೈಯಲ್ಲಿದ್ದರೂ ಬಿಲ್ ಏರಿದ ತಿಂಗಳು ಮೊದಲು ದೂರಿಗೆ ಗುರಿಯಾಗುವುದು ಅದೇ. ಹೀಗಾಗಿ ಏರಿಕೆಯ ಕಾರಣ ಹುಡುಕುವವರು ರೂಪಾಯಿಯನ್ನು ಬದಿಗಿರಿಸಿ ಯೂನಿಟ್ ಲೆಕ್ಕದಿಂದ ತೊಡಗಬೇಕು. ಸಾವಿರ ವ್ಯಾಟ್ ಸಾಮರ್ಥ್ಯದ ಉಪಕರಣವೊಂದು ಒಂದು ಗಂಟೆ ನಡೆದಾಗ ತಗಲುವ ವಿದ್ಯುತ್ತೇ ಒಂದು ಯೂನಿಟ್.

ಯೂನಿಟ್ ಹಿಂದಿನಷ್ಟೇ ಇದ್ದು ಮೊತ್ತ ಮಾತ್ರ ಏರಿದ್ದರೆ ಕಾರಣವು ಮನೆಯ ಹೊರಗಿದೆ. 2023ರ ಜೂನ್ ತಿಂಗಳ ಬಿಲ್ಲುಗಳು ಇದಕ್ಕೆ ಸ್ಪಷ್ಟ ನಿದರ್ಶನ. ಆ ವರ್ಷದ ಮೇ ತಿಂಗಳಲ್ಲಿ ಹೊರಬಿದ್ದ ದರ ಆದೇಶವು ಏಪ್ರಿಲ್ 1ರಿಂದಲೇ ಅನ್ವಯವಾದ್ದರಿಂದ ಹಿಂದಿನ ತಿಂಗಳ ವ್ಯತ್ಯಾಸವೂ ಬಾಕಿಯಾಗಿ ಸೇರಿತು. ಅದರ ಜೊತೆಗೆ 100 ಯೂನಿಟ್‌ವರೆಗೆ 4.75 ರೂಪಾಯಿ, ಅದನ್ನು ಮೀರಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ ಎಂಬ ಹೊಸ ಕ್ರಮ ಬಂದಿತ್ತು. 100 ಯೂನಿಟ್‌ಗೆ 475 ರೂಪಾಯಿ ಆಗುತ್ತಿದ್ದ ಬಳಕೆ ಶುಲ್ಕವು 101 ಯೂನಿಟ್‌ಗೆ 707 ರೂಪಾಯಿಗೆ ಜಿಗಿಯುತ್ತಿತ್ತು. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಏಕರೂಪ ದರ ಬಂದು ಈ ಜಿಗಿತ ನಿಂತಿತಾದರೂ, ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತೆರಬೇಕಾದ ನಿಗದಿತ ಶುಲ್ಕ, ಇಂಧನ ವೆಚ್ಚದ ಹೊಂದಾಣಿಕೆ, ತೆರಿಗೆ, ಹಳೆಯ ಬಾಕಿ, ಹೆಚ್ಚುವರಿ ಭದ್ರತಾ ಠೇವಣಿ ಇವೆಲ್ಲವನ್ನೂ ಸಾಲುಸಾಲಾಗಿ ಬೇರ್ಪಡಿಸಿ ನೋಡದೆ ಮುಂದಿನ ಹುಡುಕಾಟ ಸಾಧ್ಯವಿಲ್ಲ.

2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರ ಪಾಲಿಗೆ ಇನ್ನೊಂದು ತೊಡಕಿದೆ. ಉಚಿತ ಯೂನಿಟ್‌ಗಳ ಮಿತಿಯನ್ನು 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತುಪಡಿಸಿದ್ದರಿಂದ, ಒಬ್ಬರೇ ವಾಸವಿದ್ದ ಫ್ಲ್ಯಾಟಿಗೆ ಬಳಿಕ ನಾಲ್ವರ ಕುಟುಂಬ ಬಂದರೆ ಹಿಂದಿನವರ ಮಿತವ್ಯಯವೇ ಇವರ ಮಿತಿಯಾಗಬಹುದು. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗಿರುವುದರಿಂದ, 199ಕ್ಕೂ 201ಕ್ಕೂ ನಡುವಿನ ಅಂತರ ಎರಡೇ ಯೂನಿಟ್ ಆದರೂ ಹಣದ ಲೆಕ್ಕದಲ್ಲಿ ಬಹು ದೊಡ್ಡದು.

ಯೂನಿಟ್‌ಗಳೇ ಏರಿದ್ದರೆ ಮಾಪಕದ ಬಳಿಗೆ ಹೋಗಬೇಕು. ಬಿಲ್ಲಿನಲ್ಲಿರುವ ಮಾಪಕದ ಕ್ರಮಸಂಖ್ಯೆಯೂ, ಸಂಪರ್ಕವನ್ನು ಗುರುತಿಸುವ ಆರ್.ಆರ್. ಸಂಖ್ಯೆಯೂ, ರೀಡಿಂಗ್ ಅಂಕಿಯೂ ಎದುರಿನ ಮಾಪಕದೊಡನೆ ತಾಳೆಯಾಗುತ್ತವೆಯೇ ಎಂಬುದು ಮೊದಲ ಪರೀಕ್ಷೆ; ಬೀಗ ಹಾಕಿದ್ದ ತಿಂಗಳಲ್ಲಿ ಸರಾಸರಿ ಹಾಕಿ, ಮರುತಿಂಗಳು ಎಲ್ಲವನ್ನೂ ಕೂಡಿಸಿರುವುದೂ ಇಲ್ಲಿಯೇ ತಿಳಿಯುತ್ತದೆ. ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತ ಮಾಪಕಗಳಿಗೆ ಕಟ್ಟುವಾಗಲೇ ತಂತಿಗಳು ಅದಲುಬದಲಾಗಿರುವುದುಂಟು. ಇದನ್ನು ಕಂಡುಕೊಳ್ಳಲು ಒಬ್ಬರು ಫ್ಲ್ಯಾಟಿನ ಮೇನ್ ಸ್ವಿಚ್ ಆರಿಸಬೇಕು, ಮತ್ತೊಬ್ಬರು ಕೆಳಗೆ ಮಾಪಕದ ಮಿನುಗು ದೀಪವನ್ನು ಗಮನಿಸಬೇಕು. ದೀಪ ಮಿನುಗುತ್ತಲೇ ಇದ್ದರೆ ಫ್ಲ್ಯಾಟಿನ ಆಚೆಯ ಹೊರೆಯೊಂದು, ಎಂದರೆ ನೀರಿನ ಪಂಪೋ ಮೆಟ್ಟಿಲ ದೀಪವೋ ನೆರೆಮನೆಯ ಸಂಪರ್ಕವೋ, ಆ ಮಾಪಕಕ್ಕೆ ಸೇರಿಕೊಂಡಿದೆ ಎಂದು ಬಲವಾಗಿ ಶಂಕಿಸಬಹುದು.

ಆ ಮಿನುಗುವಿಕೆಯೇ ಒಂದು ಅಳತೆಯೂ ಹೌದು. ಮಾಪಕದ ಮೇಲೆ ಪ್ರತಿ ಯೂನಿಟ್‌ಗೆ 3200 ಮಿನುಗು ಎಂದು ನಮೂದಾಗಿದ್ದು, ಹತ್ತು ಮಿನುಗಿಗೆ 45 ಸೆಕೆಂಡು ಹಿಡಿದರೆ ಆ ಗಳಿಗೆಯಲ್ಲಿ 250 ವ್ಯಾಟ್ ಹೊರೆ ಇದೆ ಎಂದರ್ಥ. ಒಂದೊಂದೇ ಉಪಕರಣ ಹಚ್ಚಿ ಹೀಗೆ ಎಣಿಸುತ್ತ ಹೋದರೆ, ಬೇರೆ ಸಲಕರಣೆಯಿಲ್ಲದೆಯೇ ಮನೆಯ ಪೂರ್ತಿ ಲೆಕ್ಕ ಸಿಗುತ್ತದೆ. ದೂರು ಕೊಡುವುದಕ್ಕೆ ಮುನ್ನ ಈ ಒಂದು ಗಂಟೆಯ ಶ್ರಮ ಎಲ್ಲ ರೀತಿಯಲ್ಲೂ ಸಾರ್ಥಕ.

ಮಾಪಕದಲ್ಲಿ 'ಇ.ಎಲ್.' ಗುರುತಿನ ದೀಪ ಉರಿಯುತ್ತಿದ್ದರೆ ವಿಶೇಷವಾಗಿ ಎಚ್ಚರ ವಹಿಸಬೇಕು. ವಿದ್ಯುತ್ ಫೇಸ್ ತಂತಿಯಲ್ಲಿ ಬಂದು ನ್ಯೂಟ್ರಲ್ ತಂತಿಯಲ್ಲಿ ಮರಳುವಾಗ ಎರಡರ ಪ್ರಮಾಣವೂ ಸಮನಾಗಿರಬೇಕು. ಸಮನಾಗಿಲ್ಲದಿದ್ದರೆ ಒಂದೋ ವಿದ್ಯುತ್ ಭೂಮಿಗೆ ಸೋರುತ್ತಿದೆ, ಇಲ್ಲವೇ ಎರಡು ಮನೆಗಳ ನ್ಯೂಟ್ರಲ್ ತಂತಿಗಳು ಎಲ್ಲೋ ಬೆರೆತಿವೆ. ಕಳವು ತಡೆಯಲೆಂದು ರೂಪಿಸಲಾದ ಅನೇಕ ಮಾಪಕಗಳು ಎರಡರಲ್ಲಿ ಹೆಚ್ಚಿನದನ್ನೇ ದಾಖಲಿಸುವುದರಿಂದ, ನೆರೆಮನೆಯ ನ್ಯೂಟ್ರಲ್ ಬೆರೆತಾಗ ಅವರ ಬಳಕೆ ಇವರ ಲೆಕ್ಕಕ್ಕೆ ಬೀಳುತ್ತದೆ. ಸೋರಿಕೆಯಾಗಿದ್ದರೆ ಹಣಕ್ಕಿಂತ ಜೀವದ ಪ್ರಶ್ನೆ ದೊಡ್ಡದು. ಅದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರೇ ತಡವಿಲ್ಲದೆ ಸರಿಪಡಿಸಬೇಕು.

ಉಪಕರಣಗಳಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಗೀಸರ್. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 0.4 ಯೂನಿಟ್ ಬೇಕು. ನಾಲ್ವರು ದಿನಕ್ಕೊಂದು ಬಕೆಟ್‌ನಂತೆ ಸ್ನಾನ ಮಾಡಿದರೆ ತಿಂಗಳಿಗೆ ಐವತ್ತು ಯೂನಿಟ್. ಇದು ಸಹಜ ಖರ್ಚು. ಥರ್ಮೋಸ್ಟಾಟ್, ಎಂದರೆ ನಿಗದಿತ ಬಿಸಿಗೆ ತಲುಪಿದೊಡನೆ ವಿದ್ಯುತ್ ಕಡಿಯುವ ಸಾಧನ, ಕೆಟ್ಟಿದ್ದರೂ, ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿದ್ದರೂ, ಸ್ವಿಚ್ ಹಗಲಿರುಳು ಹಾಕಿಯೇ ಇದ್ದರೂ ಈ ಲೆಕ್ಕ ಬಹಳ ಮೀರುತ್ತದೆ. ಮಾಲೀಕರು ಬಿಟ್ಟುಹೋದ ಹಳೆಯ ಫ್ರಿಜ್‌ನ ಬಾಗಿಲ ರಬ್ಬರ್ ಸಡಿಲವಾಗಿದ್ದರೂ ಹೀಗೆಯೇ.

ದೋಷವು ಮಾಪಕದ್ದೆಂದು ತೋರಿದರೆ ಶುಲ್ಕ ಕಟ್ಟಿ ಪರೀಕ್ಷೆಗೆ ಉಪವಿಭಾಗ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯದನ್ನು ಆಕ್ಷೇಪದೊಂದಿಗೆ ಕಟ್ಟಿದವರ ಸಂಪರ್ಕವನ್ನು ವಿವಾದ ತೀರುವವರೆಗೆ ಕಡಿಯುವಂತಿಲ್ಲ. ಆದರೆ ಒಂದೇ ಸಂಪರ್ಕವನ್ನು ಹಲವು ಬಾಡಿಗೆದಾರರಿಗೆ ಹಂಚಿ ಮಾಲೀಕರೇ ಹಾಕಿಸಿದ ಉಪಮಾಪಕಗಳು ಕಂಪನಿಯ ಮಾಪಕಗಳಲ್ಲ. ಅಂಥ ಮನೆಗಳಲ್ಲಿ ಬಾಡಿಗೆದಾರರು ಕಂಪನಿಯ ಮೂಲ ಬಿಲ್ಲನ್ನೂ ಎಲ್ಲ ಉಪಮಾಪಕಗಳ ರೀಡಿಂಗನ್ನೂ ಪ್ರತಿ ತಿಂಗಳು ಕೇಳಿ ಪಡೆದು, ಅವುಗಳ ಮೊತ್ತವನ್ನು ಮೂಲ ಮಾಪಕದೊಡನೆ ಹೋಲಿಸಬೇಕಾಗುತ್ತದೆ.