ಅಗ್ನಿದ್ವೀಪದಲ್ಲಿ ಹೇಮಂತ

ಹೇಮಂತದಲ್ಲಿ ಬೆಂಕಿಯ ಬಳಿ ಕುಳಿತುಕೊಳ್ಳುವ ಸುಖವನ್ನು ಅರಿಯದ ಗೃಹಸ್ಥರು ವಿರಳ. ಬಚ್ಚಲೊಲೆಯ ಮುಂದೆ ಮೈ ಕಾಯಿಸಿಕೊಂಡು ಬೆಳೆದವರು ನಾವು. ಆದರೆ ಒಂದು ಇಡೀ ದ್ವೀಪವೇ ಬೆಂಕಿಯಿಂದ ಹುಟ್ಟಿ, ಇಂದಿಗೂ ಒಡಲಲ್ಲಿ ಬೆಂಕಿಯನ್ನಿಟ್ಟುಕೊಂಡು, ಮೇಲೆ ಮಾತ್ರ ಹಸುರನ್ನು ಹೊದೆದು ಕುಳಿತಿರುವುದನ್ನು ಅರುವತ್ತನೆಯ ವಯಸ್ಸಿನಲ್ಲಿ ಕಾಣುವೆವೆಂದು ನಾವು ಎಣಿಸಿರಲಿಲ್ಲ. ಸ್ಪೇನ್ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಕಳೆದ ಚಳಿಗಾಲದಲ್ಲಿ ನಮ್ಮನ್ನೂ ನಮ್ಮ ಮನೆಯವರನ್ನೂ ಲಾ ಪಾಲ್ಮ ಎಂಬ ದ್ವೀಪಕ್ಕೆ ಕರೆದೊಯ್ದನು. ಅಲ್ಲಿ ಮೂರು ವಾರಗಳ ಕಾಲ ನಡೆದಾಡಿ ಕಂಡುದನ್ನೂ, ಕೊನೆಗೆ ಕಲಿತುದನ್ನೂ ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಆಫ್ರಿಕಾ ಖಂಡದ ವಾಯವ್ಯಕ್ಕೆ ಅಟ್ಲಾಂಟಿಕ್ ಮಹಾಸಾಗರದಲ್ಲಿ ಚೆದರಿರುವ ಕ್ಯಾನರಿ ದ್ವೀಪಗಳಲ್ಲಿ ಲಾ ಪಾಲ್ಮವೂ ಒಂದು. ಅದು ಸ್ಪೇನ್ ದೇಶಕ್ಕೆ ಸೇರಿದುದು. ಅದರ ಉದ್ದ ಮೂವತ್ತು ಮೈಲಿಗೂ ಕಡಿಮೆ. ಆದರೆ ಅದರ ಅತ್ಯುನ್ನತ ಶಿಖರ ಸಮುದ್ರಮಟ್ಟದಿಂದ ಸುಮಾರು ೮೦೦೦ ಅಡಿ. ಇಷ್ಟು ಕಿರಿದಾದ ಪೀಠದ ಮೇಲೆ ಇಷ್ಟು ಎತ್ತರದ ಬೆಟ್ಟ ನಿಂತಿರುವುದರಿಂದ ಸಮತಟ್ಟಾದ ನೆಲವೆಂಬುದೇ ಅಲ್ಲಿ ದುರ್ಲಭ. ಹೆಜ್ಜೆಯಿಟ್ಟರೆ ಏರು, ಇಲ್ಲವೆ ಇಳಿಜಾರು. ತಗ್ಗಿನ ಊರುಗಳಲ್ಲಿ ಜನವರಿಯಲ್ಲಿಯೂ ಹಗಲು ಹಿತವಾಗಿರುವುದು. ಸಮುದ್ರದಂಚಿನವರೆಗೂ ಬಾಳೆಯ ತೋಟಗಳು.

ನಾವು ಇಳಿದುಕೊಂಡುದು ಪಶ್ಚಿಮ ಭಾಗದ ಲಾಸ್ ಯಾನೋಸ್ ಎಂಬ ಪಟ್ಟಣದಲ್ಲಿ, ವೃದ್ಧೆಯರಾದ ಇಬ್ಬರು ಅಕ್ಕತಂಗಿಯರ ಮನೆಯ ಮಹಡಿಯ ಮೇಲೆ. ಮೊದಲ ದಿನ ಬೆಳಗ್ಗೆ ಅವರಲ್ಲಿ ಅಕ್ಕನಾದವರು ಒಂದು ಬಟ್ಟಲಿನಲ್ಲಿ ಹಾಲನ್ನೂ ಒಂದು ಡಬ್ಬಿಯಲ್ಲಿ ಕಂದು ಬಣ್ಣದ ಹಿಟ್ಟನ್ನೂ ತಂದಿಟ್ಟರು. ನಮ್ಮ ಮನೆಯವರು ಚಿಟಿಕೆ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಹುರಿಹಿಟ್ಟೇ ಅಲ್ಲವೆ!" ಎಂದು ಆಶ್ಚರ್ಯಪಟ್ಟರು. ಧಾನ್ಯವನ್ನು ಹುರಿದು ಬೀಸಿದ ಈ ಹಿಟ್ಟಿಗೆ ಅಲ್ಲಿ ಗೋಫಿಯೋ ಎಂದು ಹೆಸರು. ಸ್ಪೇನಿನವರು ಬರುವುದಕ್ಕೆ ಮೊದಲೇ ದ್ವೀಪದ ಮೂಲನಿವಾಸಿಗಳು ಇದನ್ನು ತಿಂದು ಬದುಕಿದ್ದರಂತೆ. ಭಾಷೆ ತಿಳಿಯದ ಇಬ್ಬರು ಗೃಹಿಣಿಯರಿಗೆ ಅಂದಿನಿಂದ ಆ ಹಿಟ್ಟೇ ಭಾಷೆಯಾಯಿತು.

ದ್ವೀಪದ ನಡುವೆ ಬೆನ್ನೆಲುಬಿನಂತೆ ಒಂದು ಪರ್ವತಶ್ರೇಣಿ ಹಾದುಹೋಗಿರುವುದು. ಈಶಾನ್ಯದಿಂದ ಬೀಸುವ ಗಾಳಿ ಹೊತ್ತುತಂದ ಮೋಡಗಳೆಲ್ಲ ಪೂರ್ವಪಾರ್ಶ್ವದಲ್ಲಿಯೇ ತಡೆದು ನಿಲ್ಲುವುವು. ವಿಮಾನದಿಂದ ಪೂರ್ವತೀರದಲ್ಲಿ ಇಳಿದಾಗ ನಮಗೆ ತುಂತುರುಮಳೆ. ಬೆಟ್ಟವನ್ನು ಕೊರೆದ ಸುರಂಗವನ್ನು ದಾಟಿ ಪಶ್ಚಿಮಕ್ಕೆ ಬಂದೊಡನೆ ಎಳೆಬಿಸಿಲು. ಎಲ್ ಪಾಸೊ ಎಂಬ ಊರಿನ ಕಡೆಗೆ ಸಂಜೆ ನಡೆದುಹೋಗಿ ನಿಂತರೆ, ಆಚೆಯ ಮೋಡಗಳು ಶ್ರೇಣಿಯ ನೆತ್ತಿಯನ್ನು ಉಕ್ಕಿ ದಾಟಿ, ಈಚೆಯ ಇಳಿಜಾರಿನಲ್ಲಿ ಬಿಳಿಯ ಜಲಪಾತದಂತೆ ಸುರಿಯುವುದು ಕಾಣುವುದು. ಸುರಿದರೂ ಸದ್ದಿಲ್ಲ, ಅರ್ಧ ದಾರಿಯಲ್ಲಿಯೇ ಬಿಸಿಲಿಗೆ ಕರಗಿ ಮಾಯವಾಗುವುದು. ಜೋಗದ ಭೋರ್ಗರೆತವನ್ನು ಕೇಳಿದ ಕಿವಿಗಳಿಗೆ ಈ ನಿಶ್ಶಬ್ದಪಾತ ಒಂದು ಹೊಸ ಅನುಭವ.

ಆ ಬೆಟ್ಟಗಳಲ್ಲಿ ಬೆಳೆಯುವ ಪೈನ್ ಮರವು ವಿಶೇಷವಾದುದು. ಅದರ ಎಲೆಗಳು ಗೇಣುದ್ದದ ಸೂಜಿಗಳು. ಮಂಜು ಅವುಗಳಿಗೆ ತಗುಲಿ ಹನಿಯಾಗಿ ನೆಲಕ್ಕೆ ತೊಟ್ಟಿಕ್ಕುವುದರಿಂದ ಮಳೆಯಿಲ್ಲದ ದಿನವೂ ಮರದ ಬುಡ ತೇವವಾಗಿರುವುದು. ಕಾಳ್ಗಿಚ್ಚಿಗೆ ಸಿಕ್ಕಿ ಕಾಂಡವೆಲ್ಲ ಕರಿಯಾದರೂ ದಪ್ಪ ತೊಗಟೆಯೊಳಗೆ ಜೀವವನ್ನುಳಿಸಿಕೊಂಡು ಮತ್ತೆ ಚಿಗುರುವ ಶಕ್ತಿ ಅದಕ್ಕುಂಟು. ಇದ್ದಲಿನಂತಹ ಕಾಂಡದಿಂದ ಎಳೆಹಸುರು ಹೊರಟಿದ್ದುದನ್ನು ನಾವು ಎಷ್ಟೋ ಕಡೆ ಕಂಡೆವು.

ಈ ಪೈನುಗಳ ನಡುವೆ ಲಾ ಕುಂಬ್ರೆಸೀತ ಎಂಬ ಕಣಿವೆಬಾಯಿಗೆ ಹೋಗಿ, ಅಲ್ಲಿಂದ ಸುಮಾರು ಅರ್ಧ ಗಂಟೆ ಸುಗಮವಾದ ದಾರಿಯಲ್ಲಿ ನಡೆದರೆ ತಾಬುರಿಯೆಂತೆ ಎಂಬ ಮಹಾಕುಹರ ಕಣ್ಣಿಗೆ ಬೀಳುವುದು. ಐದು ಮೈಲಿಯಷ್ಟು ಅಗಲ. ಅಂಚಿನಿಂದ ತಳಕ್ಕೆ ಸಾವಿರಾರು ಅಡಿ ಆಳ. ಸ್ಥಳೀಯರು ಇದನ್ನು ಕಾಲ್ದೆರಾ, ಎಂದರೆ ಕೊಪ್ಪರಿಗೆ, ಎಂದು ಕರೆದರು. ೧೮೧೫ರಲ್ಲಿ ಇಲ್ಲಿಗೆ ಬಂದ ಲಿಯೋಪೋಲ್ಡ್ ಫಾನ್ ಬುಖ್ ಎಂಬ ಜರ್ಮನ್ ಭೂವಿಜ್ಞಾನಿಯ ಬರಹಗಳಿಂದ ಆ ಮಾತು ಶಾಸ್ತ್ರಕ್ಕೇ ಸೇರಿತು. ವಿನೋದವೇನೆಂದರೆ, ಶಾಸ್ತ್ರಕ್ಕೆ ಹೆಸರು ಕೊಟ್ಟ ಈ ಕೊಪ್ಪರಿಗೆ ಬೆಂಕಿ ತೋಡಿದುದಲ್ಲ. ಬೆಟ್ಟದ ಪಾರ್ಶ್ವ ಕುಸಿದು, ಅನಂತರ ನೀರು ಯುಗಯುಗಗಳ ಕಾಲ ಕೊರೆದು ಆದುದು. ಅಗ್ನಿ ಕಟ್ಟಿದ ಮನೆಯನ್ನು ಜಲ ಕೆತ್ತಿದೆ. ಈ ಕಣಿವೆಯಲ್ಲಿಯೇ ತನಾವುಸೂ ಎಂಬ ಮೂಲನಿವಾಸಿಗಳ ನಾಯಕನು ಸ್ಪೇನಿನ ಸೈನ್ಯವನ್ನು ಕೊನೆಯವರೆಗೂ ತಡೆದನು. ೧೪೯೩ರಲ್ಲಿ ಸಂಧಿಯ ನೆಪದಿಂದ ಅವನನ್ನು ಹೊರಕ್ಕೆ ಕರೆಯಿಸಿ ಸೆರೆಹಿಡಿದರೆಂದೂ, ಸ್ಪೇನಿಗೆ ಒಯ್ಯುವಾಗ ಅವನು ಹಡಗಿನಲ್ಲಿ ಅನ್ನನೀರು ಬಿಟ್ಟು ಪ್ರಾಣತ್ಯಾಗ ಮಾಡಿದನೆಂದೂ ಹೇಳುವರು.

ಇನ್ನೊಂದು ದಿನ ಮೋಟಾರಿನಲ್ಲಿ ಶಿಖರಕ್ಕೆ ಏರಿದೆವು. ಕಾಲ ಕೆಳಗೆ ಮೋಡಗಳ ಸಮುದ್ರ. ಕೆಂಪು ಕೊಕ್ಕಿನ ಕರಿಯ ಕಾಗೆಗಳು. ೨೦೦೯ರಲ್ಲಿ ಉದ್ಘಾಟನೆಯಾದ, ೩೪ ಅಡಿ ವ್ಯಾಸದ ಕನ್ನಡಿಯುಳ್ಳ ಮಹಾದೂರದರ್ಶಕ. ನಕ್ಷತ್ರಗಳ ಬೆಳಕು ಮಾಸದಿರಲೆಂದು ಊರದೀಪಗಳನ್ನು ನಿಯಂತ್ರಿಸುವ ಕಾನೂನು ೧೯೮೮ರಿಂದ ಅಲ್ಲಿರುವುದು. ಆಕಾಶಕ್ಕಾಗಿ ತಮ್ಮ ಬೀದಿಯ ದೀಪವನ್ನು ತಗ್ಗಿಸಿಕೊಂಡ ಜನರನ್ನು ನಾವು ಬೇರೆಲ್ಲಿಯೂ ಕಂಡಿರಲಿಲ್ಲ.

ದಕ್ಷಿಣದ ತುದಿಯಲ್ಲಿ ಫುವೆನ್ಕಾಲಿಯೆಂತೆ ಎಂಬ ಊರು. ಅಲ್ಲಿಂದ ಸಮುದ್ರದೀಪದವರೆಗೆ ಎರಡು ಸಾವಿರ ಅಡಿಗೂ ಮಿಕ್ಕ ಇಳಿಜಾರನ್ನು ಕೋಲೂರಿಕೊಂಡು ಇಳಿದೆವು. ಕಪ್ಪು ಬೂದಿಯಲ್ಲಿ ಕಾಲು ಜಾರುವುದು. ಆದರೆ ಆ ಬೂದಿಯಲ್ಲಿಯೇ ದ್ರಾಕ್ಷಿಯ ಬಳ್ಳಿ ನೆಲಕ್ಕೆ ಹತ್ತಿಕೊಂಡು ಬೆಳೆದಿರುವುದು. ದಾರಿಯಲ್ಲಿ ೧೯೭೧ರಲ್ಲಿ ಉರಿದ ತೆನೆಗಿಯಾ ಎಂಬ ಅಗ್ನಿಪರ್ವತ; ಕೆಳಗೆ ಕರಿಯ ಕಲ್ಲಿನ ನಡುವೆ ಬೆಳ್ಳಗೆ ಹೊಳೆಯುವ ಉಪ್ಪಿನ ಪಾತಿಗಳು. ಫುವೆನ್ಕಾಲಿಯೆಂತೆ ಎಂದರೆ ಬಿಸಿನೀರಿನ ಬುಗ್ಗೆ. ರೋಗಹರವೆಂದು ಪ್ರಸಿದ್ಧವಾಗಿದ್ದ ಆ ಬುಗ್ಗೆಯನ್ನು ೧೬೭೭ರ ಅಗ್ನಿಪ್ರವಾಹ ಹೂಳಿಬಿಟ್ಟಿತು. ಜನ ಅದನ್ನು ಮರೆಯಲಿಲ್ಲ. ಬಂಡೆಯನ್ನು ಕೊರೆದು ಹುಡುಕಿ ೨೦೦೫ರಲ್ಲಿ ಮತ್ತೆ ಕಂಡುಕೊಂಡರು.

ಇದನ್ನೆಲ್ಲ ನೋಡಿ ಉಲ್ಲಾಸದಿಂದ ಹಿಂದಿರುಗಿದ ಸಂಜೆ ನಾವು ಒಂದು ಅವಿವೇಕದ ಪ್ರಶ್ನೆಯನ್ನು ಕೇಳಿದೆವು. ೨೦೨೧ರಲ್ಲಿ ಈ ಪಟ್ಟಣಕ್ಕೆ ಸಮೀಪದಲ್ಲಿಯೇ ಭೂಮಿ ಬಾಯ್ದೆರೆದು ಬೆಂಕಿ ಕಾರಿತ್ತೆಂಬುದು ನಮಗೆ ತಿಳಿದಿತ್ತು. ಮನೆಯ ಆ ಅಕ್ಕನವರನ್ನು ಮಗನ ಮೂಲಕ, "ಆ ದೃಶ್ಯ ಬಹಳ ರಮಣೀಯವಾಗಿದ್ದಿರಬೇಕಲ್ಲವೆ?" ಎಂದು ಕೇಳಿದೆವು. ಮಗನು ಒಂದು ಕ್ಷಣ ಹಿಂಜರಿದು, ಅನಂತರ ಅನುವಾದಿಸಿದನು. ಆಕೆ ಕೋಪಿಸಿಕೊಳ್ಳಲಿಲ್ಲ. "ಹೌದು, ರಾತ್ರಿಯ ಹೊತ್ತು ರಮಣೀಯವಾಗಿತ್ತು. ನಮ್ಮ ಮನೆ ಅದರ ದಾರಿಯಲ್ಲಿತ್ತು," ಎಂದರು. ಹೊರಡಲು ಕೆಲವೇ ನಿಮಿಷಗಳ ಅವಕಾಶ. ಕಾಗದಪತ್ರಗಳನ್ನೂ ಗಂಡನ ಭಾವಚಿತ್ರವನ್ನೂ ತೆಗೆದುಕೊಂಡು, ಅಭ್ಯಾಸಬಲದಿಂದ ಬಾಗಿಲಿಗೆ ಬೀಗ ಹಾಕಿ ಬಂದರಂತೆ. ಅಂದಿನಿಂದ ತಂಗಿಯ ಮನೆಯೇ ಅವರಿಗೆ ಆಶ್ರಯ.

ಹೊರಡುವ ಹಿಂದಿನ ದಿನ ಅವರೊಡನೆ ಲಾ ಲಗೂನ ಎಂಬ ಹಳ್ಳಿಯ ಗುಡ್ಡವನ್ನು ಏರಿದೆವು. ಕೆಳಗೆ ಬೆಟ್ಟದಿಂದ ಸಮುದ್ರದವರೆಗೆ ಹಾಸಿದ ಕಪ್ಪು ಕಲ್ಲು. ೨೦೨೧ರ ಸೆಪ್ಟೆಂಬರ್ ೧೯ರಂದು ತೊಡಗಿದ ಆ ಉತ್ಪಾತ ಡಿಸೆಂಬರ್ ೧೩ರವರೆಗೆ, ೮೫ ದಿನ, ನಡೆಯಿತು. ಸುಮಾರು ೩೦೦೦ ಎಕರೆ ನೆಲವನ್ನು ಕರಗಿದ ಕಲ್ಲು ಮುಚ್ಚಿತು; ಸಾವಿರಕ್ಕೂ ಮಿಕ್ಕ ಮನೆಗಳು ಹೋದುವು; ತೊದೋಕೆ ಎಂಬ ಹಳ್ಳಿ ತನ್ನ ಚರ್ಚಿನೊಡನೆ ಅಡಗಿಹೋಯಿತು. ಸುಮಾರು ೭೦೦೦ ಜನರನ್ನು ತೆರವುಮಾಡಿಸಿದ್ದುದರಿಂದ ಜನರ ಪ್ರಾಣ ಉಳಿಯಿತು. ಪ್ರವಾಹ ಕಡಲಿಗಿಳಿದು ಹೊಸ ನೆಲವನ್ನೂ ಕಟ್ಟಿತು. ಕರಾವಳಿಯ ಪುಯೆರ್ತೊ ನಾವೋಸಿನಲ್ಲಿ ಮನೆಗಳು ನಿಂತೇ ಇದ್ದರೂ, ನೆಲದಿಂದೇಳುವ ವಿಷವಾಯುವಿನ ದೆಸೆಯಿಂದ ಜನರು ಬಹುಕಾಲ ಅಲ್ಲಿಗೆ ಹಿಂದಿರುಗಲಾಗಲಿಲ್ಲ. ಆಕೆ ಬೆರಳು ಚಾಚಿ ಒಂದು ಕಡೆ ತೋರಿಸಿದರು. ಅಲ್ಲಿ ಕಲ್ಲಿನ ಹೊರತು ನಮಗೆ ಏನೂ ಕಾಣಲಿಲ್ಲ, ಆಕೆಗೆ ಕಾಣುತ್ತಿದ್ದಿರಬೇಕು.

ಪಾಠ ಹೇಳುತ್ತಿದ್ದಾಗ ಅದ್ಭುತ ಬೇರೆ, ಕರುಣ ಬೇರೆ ಎಂದು ರಸಗಳನ್ನು ಎಣಿಸಿ ಮಕ್ಕಳಿಗೆ ಒಪ್ಪಿಸಿದವರು ನಾವು. ನೋಡಲು ಬಂದವನಿಗೆ ಅದ್ಭುತವಾದುದೇ ಅಲ್ಲಿ ಬಾಳಿದವನಿಗೆ ಕರುಣವಾಗುವುದೆಂಬುದನ್ನು ಆ ಗುಡ್ಡದ ಮೇಲೆ ತಿಳಿದೆವು. ಹಾಗೆಂದು ಸೌಂದರ್ಯವನ್ನು ನೋಡಬಾರದೆಂದಲ್ಲ. ಆಕೆಯೇ ಅದನ್ನು ಅಲ್ಲಗಳೆಯಲಿಲ್ಲ. ಪರರ ಮನೆಗೆ ಹೋದ ಅತಿಥಿ ಹೇಗೆ ನೋಡುವನೋ ಹಾಗೆ ನೋಡಬೇಕು, ಅಷ್ಟೆ.

ಗುಡ್ಡವನ್ನಿಳಿದು ಆ ಕಲ್ಲಿನ ಅಂಚಿಗೆ ಬಂದಾಗ, ನೆನಪಿಗಿರಲೆಂದು ನಾವು ಒಂದು ಕರಿಯ ಚೂರನ್ನು ಎತ್ತಿಕೊಂಡೆವು. ನಮ್ಮ ಮನೆಯವರು ಮೆಲ್ಲನೆ, "ಇಟ್ಟುಬಿಡಿ; ಯಾರ ಮನೆಯ ಮೇಲಿನದೋ ಏನೋ," ಎಂದರು. ಇದ್ದಲ್ಲಿಯೇ ಇಟ್ಟೆವು. ಮರುದಿನ ಬೆಳಗ್ಗೆ ಆಕೆ ಕಟ್ಟಿಕೊಟ್ಟ ಗೋಫಿಯೋ ಹಿಟ್ಟು ಮಾತ್ರ ನಮ್ಮೊಡನೆ ಊರಿಗೆ ಬಂದಿತು.